ಕಲ್ಲು ಬಿದ್ದ ದಿಕ್ಕು

"ಸಾಹೇಬ್ರೇ, ಇದು ಕಿವಿಯಲ್ಲಿ ಕೇಳೋ ವಿಷಯ ಅಲ್ಲ. ಕಣ್ಣು ತೆಗೀರಿ."

ಕಿವಿ ಸಾಹೇಬರು ನಾಚಿಕೊಂಡು ಕಣ್ಣು ತೆರೆದರು. ಯಾರಾದರೂ ಮಾತಾಡುತ್ತಿದ್ದರೆ ಕಣ್ಣು ಮುಚ್ಚಿ ಕೇಳುವುದು ಅವರ ಹಳೆಯ ಅಭ್ಯಾಸ. ಪೊಲೀಸ್ ಇಲಾಖೆಯಲ್ಲಿ ಆ ಅಡ್ಡಹೆಸರು ಅಂಟಿದ್ದು ಅದರಿಂದಲೇ. ನಿವೃತ್ತರಾಗಿ ಖಾಸಗಿ ಪತ್ತೇದಾರರಾದ ಮೇಲೂ ಅದು ಅವರನ್ನು ಬಿಟ್ಟಿರಲಿಲ್ಲ.

ಅವರು ಸೂಕ್ಷ್ಮದರ್ಶಕಕ್ಕೆ ಬಾಗಿದರು. ಮೊದಲು ಬರೀ ಬೂದಿಬಣ್ಣ. ಪಕ್ಕದಲ್ಲಿ ಕುಳಿತಿದ್ದ ವಿಜ್ಞಾನಿ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಬೂದಿ ಒಡೆದು ಗಾಜಾಯಿತು.

ದೋಣಿಗಳು. ಜರಡಿಗಳು. ಪಕ್ಕೆಲುಬು ಎಣಿಸಬಹುದಾದಷ್ಟು ಸ್ಪಷ್ಟ. ಅಕ್ಕಸಾಲಿ ಜೀವಮಾನವಿಡೀ ಕೂತರೂ ಕೊರೆಯಲಾಗದ ಕುಸುರಿ, ಒಂದು ಚಿಟಿಕೆ ಕೆಸರಿನಲ್ಲಿ ಚೆಲ್ಲಿಬಿದ್ದಿತ್ತು. ಸಾಹೇಬರ ಕೈ ತಾನಾಗಿ ಎದೆಯ ಬಳಿ ಬಂತು. ಇದನ್ನು ಮಾಡಿದವನು ಯಾರಿಗೆ ತೋರಿಸಬೇಕೆಂದು ಮಾಡಿದನೋ!

"ಇದೆಲ್ಲ ಗಾಜೇ?"

"ಗಾಜೇ. ಡಯಾಟಮ್ ಅಂತಾರೆ. ಒಂದೊಂದೂ ಒಂದೊಂದು ಪಾಚಿಯ ಮನೆ. ಒಳಗಿದ್ದ ಜೀವ ಹೋಗುತ್ತೆ, ಮನೆ ಕಡಲಿನ ತಳಕ್ಕೆ ಇಳಿದು ಕೆಸರಲ್ಲಿ ಕೂತ್ಕೊಳ್ಳುತ್ತೆ. ಆ ದೋಣಿ ಥರದ್ದಿದೆಯಲ್ಲ, ಅದು ಮಂಜುಗಡ್ಡೆಯ ಹೊಟ್ಟೆಗೆ ಅಂಟ್ಕೊಂಡೇ ಬದುಕೋ ಜಾತಿ. ದುಂಡನೆ ಜರಡಿ ತೆರೆದ ನೀರಿನದು. ದೋಣಿ ತುಂಬಿದ್ರೆ ಆ ಕಾಲದಲ್ಲಿ ಕಡಲಿನ ಮೇಲೆ ಮಂಜುಗಡ್ಡೆ ಇತ್ತು ಅಂತ. ಬರೀ ಜರಡಿ ಇದ್ರೆ ಬೇಸಿಗೆಯಲ್ಲಿ ಕಡಲು ಬಯಲಾಗಿತ್ತು ಅಂತ."

"ಮನುಷ್ಯರು ಯಾರೂ ನೋಡದ ಬೇಸಿಗೆ."

"ಇವು ನೋಡಿವೆಯಲ್ಲ."

ಆ ಕಡಲ ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ಈ ವಿಜ್ಞಾನಿಯನ್ನು ಕರೆಯುತ್ತಿದ್ದದ್ದು ರೆಪ್ಪೆ ಮೇಡಂ ಎಂದು. ಒಂಟಿ ಡಯಾಟಮನ್ನು ಗಾಜಿನ ಮೇಲೆ ಎತ್ತಿ ಸರಿಸಲು ಅವರ ಬಳಿ ಒಂದು ಕಡ್ಡಿಯಿತ್ತು. ಅದರ ತುದಿಗೆ ಅಂಟಿಸಿದ್ದದ್ದು ಒಂದು ಕಣ್ಣುರೆಪ್ಪೆಯ ಕೂದಲು. ಈಗ ಅದನ್ನು ಎಡಗೈಯಲ್ಲಿ ಹಿಡಿದು ಒಂದು ಮುರಿದ ದೋಣಿಯನ್ನು ಪಕ್ಕಕ್ಕೆ ಸರಿಸಿದರು. ಉಸಿರನ್ನೂ ಬಿಗಿಹಿಡಿದಿದ್ದರು.

"ಯಾರ ರೆಪ್ಪೆ ಅದು?"

"ನಂದೇ. ಅಂಗಡೀಲಿ ಸಿಗಲ್ಲ."

ಮುರಿದದ್ದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮಾತ್ರ ಒಂದು ಎಂದು ಎಣಿಸಬೇಕು. ಇಲ್ಲದಿದ್ದರೆ ಒಂದೇ ದೋಣಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಸಾಲು ಮುಗಿಯಿತು. ಮತ್ತೊಂದು ಸಾಲು. ಸಾಹೇಬರಿಗೆ ತಾಯಿಯ ನೆನಪಾಯಿತು. ಬೆಳಗಿನ ಜಾವ ಆಕೆ ಪದ್ಯ ಓದುತ್ತಿದ್ದದ್ದು ಹೀಗೆಯೇ. ಒಂದಕ್ಷರ ನುಂಗುತ್ತಿರಲಿಲ್ಲ, ಒಂದಕ್ಷರ ತಾನಾಗಿ ಸೇರಿಸುತ್ತಿರಲಿಲ್ಲ. ಇಷ್ಟು ಭಯಭಕ್ತಿಯಿಂದ ಎಣಿಸುವವಳು ಇಲ್ಲದ್ದನ್ನು ಹುಟ್ಟಿಸಿಯಾಳೇ?

ಆದರೆ ಆರೋಪ ಇದ್ದದ್ದೇ ಅದು; ಅದನ್ನು ವಿಚಾರಿಸಲೆಂದೇ ಸಂಸ್ಥೆ ಸಾಹೇಬರನ್ನು ಕರೆಸಿತ್ತು. ಧ್ರುವದ ಕಡಲಿನಿಂದ ಎತ್ತಿ ತಂದ ಕೆಸರಿನ ಕೊಳವೆಯ ನಾಲ್ಕನೆಯ ತುಂಡಿನಲ್ಲಿ, ಮೇಲ್ತುದಿಯ ಹತ್ತಿರ, ದೋಣಿಗಳೇ ಇಲ್ಲ ಎಂದು ಮೇಡಂ ಹೇಳಿದ್ದರು: ಕಡಲು ತಲೆಮಾರುಗಟ್ಟಲೆ ಬೇಸಿಗೆಗಳಲ್ಲಿ ಬಯಲಾಗಿತ್ತು ಎಂದು. ಸಂಸ್ಥೆಯ ಪರೀಕ್ಷಕ ಅದೇ ಜಾಗದಿಂದ ಕೆಸರು ತೆಗೆದು ನೋಡಿದ. ದೋಣಿಗಳು ಕಿಕ್ಕಿರಿದಿದ್ದವು. ಊಟದ ನಂತರ ಸಮಿತಿ ಸೇರುತ್ತದೆ. ಸಮಿತಿ ತಲೆಯಾಡಿಸಿದರೆ ಈ ಕೋಣೆಗೆ ಬೀಗ. ಮೇಡಂ ಇದುವರೆಗೆ ಎಣಿಸಿದ್ದೆಲ್ಲ ಸುಳ್ಳಿನ ಲೆಕ್ಕಕ್ಕೆ ಜಮಾ.

ಪರೀಕ್ಷಕ ಒಂದು ಕಾಲಕ್ಕೆ ಅವರದೇ ಶಿಷ್ಯ. ಈಗ ಅವರ ತಂಗಿಯ ಗಂಡ.

ಬಾಗಿಲು ತಳ್ಳಿಕೊಂಡು ಆ ತಂಗಿಯೇ ಒಳಗೆ ಬಂದಳು. ಎಡಗೈಯಲ್ಲಿ ಫ್ಲಾಸ್ಕು, ಕತ್ತಿನಲ್ಲಿ ಕ್ಯಾಮೆರಾ.

"ಅಕ್ಕ, ಚಹಾ. ಬೆಳಿಗ್ಗೆಯಿಂದ ಏನೂ ಹೊಟ್ಟೆಗೆ ಹಾಕಿಲ್ಲ ತಾನೇ? ಸಾಹೇಬ್ರೇ, ಇವಳಿಗೆ ಸ್ವಲ್ಪ ಹೇಳಿ. ನನ್ನ ಮಾತು ಕೇಳಲ್ಲ, ಅಲ್ಲಿ ನನ್ನ ಗಂಡನೂ ಕೇಳಲ್ಲ. ಎರಡು ಮನೆಯಲ್ಲೂ ನನಗೆ ಬೆಲೆಯಿಲ್ಲ."

"ಇಡು ಪುಟ್ಟಿ. ಕುಡೀತೀನಿ."

"ನೀವೂ ಇಲ್ಲೇ ಕೆಲಸವೇ?" ಸಾಹೇಬರು ಕೇಳಿದರು.

"ಎದುರು ಕಟ್ಟಡದಲ್ಲಿ. ಕೆಸರಿಗೆ ಫೋಟೋ ತೆಗೆಯೋ ಸ್ಟುಡಿಯೋ ನಂದು. ನಗಿ ಅಂದ್ರೆ ನಗಲ್ಲ, ಕಣ್ಣು ಮಿಟುಕಿಸಲ್ಲ, ಚೆನ್ನಾಗಿ ಬಂದಿಲ್ಲ ಅಂತ ಜಗಳಾನೂ ಆಡಲ್ಲ. ಇಂಥ ಗಿರಾಕಿಗಳು ಯಾರಿಗುಂಟು?" ಎಂದು ಚಹಾ ಬಗ್ಗಿಸಿದಳು. "ಏನು ನೋಡ್ತಿದೀರಿ? ಎಡಗೈಯೇ. ನಮ್ಮಮ್ಮ ಇಬ್ಬರ ಬಲಗೈಗೂ ಚಮಚ ಕೊಟ್ಟು ಕೊಟ್ಟು ಸೋತಳು."

ನಗು ನಗುತ್ತಲೇ ಆಡಿದಳು. ಆದರೆ ಅಕ್ಕನ ಮುಖವನ್ನು ಒಂದು ಸಲವೂ ನೋಡಲಿಲ್ಲ. ಗಂಡನೇ ಅಕ್ಕನ ಮೇಲೆ ಆರೋಪ ಹೊರಿಸಿದ ಮನೆಯವಳು ಹೇಗೆ ನೋಡಿಯಾಳು ಎಂದುಕೊಂಡರು ಸಾಹೇಬರು.

ಅವಳು ಹೋದ ಮೇಲೆ ಮೇಡಂ ಮೇಜಿನ ಮೇಲಿನ ಉದ್ದನೆಯ ತಟ್ಟೆಯ ಹೊದಿಕೆ ಸರಿಸಿದರು. ಉದ್ದಕ್ಕೆ ಸೀಳಿದ ಬಿದಿರಿನಂತೆ ಅರ್ಧ ಕೊಳವೆ. ಅದರ ತುಂಬ ಹಸಿರು ಮಿಶ್ರಿತ ಬೂದು ಕೆಸರು, ಪದರ ಪದರ. ಒಂದು ತುದಿಗೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಬಿಳಿ.

"ಕೊಳವೆನ ಎರಡು ಸೀಳು ಮಾಡ್ತೀವಿ. ಇದು ಕೆಲಸದ ಸೀಳು, ನಾನು ಮುಟ್ಟೋದು. ಇದರ ಜೊತೆಯದು ಕಾಪಿಟ್ಟ ಸೀಳು, ಶೀತಕೋಣೆಯಲ್ಲಿರುತ್ತೆ. ಅದನ್ನ ನಾನು ಮುಟ್ಟೋ ಹಾಗಿಲ್ಲ. ನಾನು ಸುಳ್ಳು ಹೇಳಿದ್ರೆ ಹಿಡಿಯೋಕೆ ಇರೋದೇ ಅದು."

"ಈ ಮುಚ್ಚಳಗಳು?"

"ಕೆಂಪು ಮೇಲ್ತುದಿ, ಈಚಿನ ಕಾಲ. ಬಿಳಿ ಕೆಳತುದಿ, ಹಿಂದಿನ ಕಾಲ. ಮೇಲ್ತುದಿ ತೋರಿಸೋ ಬಾಣದ ಗುರುತೂ ಕೊಳವೆ ಮೇಲೆ ಇರ್ತಿತ್ತು, ಈ ತುಂಡಿನದು ಹಡಗಲ್ಲೇ ಉಪ್ಪುನೀರಿಗೆ ಅಳಿಸಿಹೋಯ್ತು."

ಸಾಹೇಬರ ಕಣ್ಣು ಕೆಂಪು ಮುಚ್ಚಳದಿಂದ ಒಂದು ಗೇಣು ಈಚೆಗೆ ನಿಂತಿತು. ಕೆಸರಿನಲ್ಲಿ ನೆಲ್ಲಿಕಾಯಿ ಕೂರುವಷ್ಟು ಗುಳಿ.

"ಯಾರು ಅಗೆದದ್ದು ಇದು?"

ಮೇಡಂ ಮೊದಲ ಸಲ ನಕ್ಕರು. "ಯಾರೂ ಅಲ್ಲ. ತೇಲೋ ಮಂಜುಬೆಟ್ಟದ ಒಳಗೆ ಕಲ್ಲು ಸಿಕ್ಕಿರುತ್ತೆ. ಬೆಟ್ಟ ಕರಗಿದಾಗ ಕಲ್ಲು ಕಡಲ ತಳಕ್ಕೆ ಬೀಳುತ್ತೆ. ನಾವು ಸೀಳೋವಾಗ ತಂತಿ ಕಲ್ಲನ್ನ ಕೊಯ್ಯಲಿಲ್ಲ. ಕಲ್ಲು ಆ ಸೀಳಿಗೆ ಹೋಯ್ತು, ಗುಳಿ ನನಗೆ ಉಳೀತು."

ಸಾಹೇಬರು ಚಹಾ ಮುಗಿಸದೆ ಎದ್ದರು.

* * *

ಶೀತಕೋಣೆಯ ಕಾವಲಿನವನಿಗೆ ಸಂಸ್ಥೆಯಲ್ಲಿ ಸ್ವೆಟರ್ ಎಂದೇ ಹೆಸರು. ಹೊರಗೆ ಬಿಸಿಲು ಸುಡುತ್ತಿದ್ದರೂ ಅವನು ಅದನ್ನು ಬಿಚ್ಚಿದ್ದನ್ನು ಕಂಡವರಿಲ್ಲ.

"ಇಲ್ಲಿ ನಾನು ಹೇಳಿದ್ದೇ ಕಾನೂನು, ಸಾಹೇಬ್ರೇ. ನಿರ್ದೇಶಕರೇ ಬರಲಿ, ಮೊದಲು ಕೈಗವಸು. ಕಾಪಿಟ್ಟ ಸೀಳಿನ ಜೊತೆ ಚೇಷ್ಟೆ ಮಾಡಿದವರಿಗೆ ಈ ಸಂಸ್ಥೆಯಲ್ಲಿ ಜಾಗ ಇಲ್ಲ. ಅವತ್ತೇ ಮನೆಗೆ, ಮತ್ತೆ ಇನ್ನೆಲ್ಲೂ ಕೆಲಸ ಸಿಗಲ್ಲ."

"ನಾಲ್ಕನೇ ತುಂಡನ್ನು ಯಾರು ಯಾರು ಮುಟ್ಟಿದಾರೆ?"

"ಸೀಳಿದ ದಿನ ಒಳಗಿಟ್ಟಿದ್ದು ನಾನು. ಆಮೇಲೆ ಫೋಟೋಗೆ ಹೋಗಿ ಬಂತು. ಕಡೆಗೆ ಪರೀಕ್ಷಕರು ಇಲ್ಲೇ ನಿಂತು ಚೂರು ಕೆಸರು ತಗೊಂಡ್ರು. ಅಷ್ಟೇ."

"ರೆಪ್ಪೆ ಮೇಡಂ?"

"ಅವರು ಈ ಹೊಸ್ತಿಲು ದಾಟಿದವರಲ್ಲ. ಒಂದ್ಸಲ ಕೊಡೆ ಮರೆತು ಹೋಗಿದ್ರು. ಒಳಗೆ ಎರಡು ಹೆಜ್ಜೆ ಇಟ್ರೆ ಸಿಗ್ತಿತ್ತು. ಇಡಲಿಲ್ಲ. ನಾನು ಊಟ ಮುಗಿಸಿ ಬರೋವರೆಗೂ ನೆನೆದುಕೊಂಡು ಹೊರಗೇ ನಿಂತಿದ್ರು!"

ಆ ಕೊನೆಯ ಮಾತಿನಲ್ಲಿ ಹೆಮ್ಮೆಯಿತ್ತು, ತನ್ನ ಮನೆಯ ಹಿರಿಯಕ್ಕನ ವಿಷಯ ಹೇಳಿದಂತೆ.

ಸಾಲು ಸಾಲು ಕಪಾಟು. ಉಸಿರು ಬಿಟ್ಟರೆ ಹೊಗೆ. ಕಡಲು ತನ್ನ ಹಳೆಯ ದಿನಗಳನ್ನೆಲ್ಲ ಇಲ್ಲಿ ಒಪ್ಪವಾಗಿ ಮಲಗಿಸಿತ್ತು. ಸಾಹೇಬರು ಧ್ವನಿ ತಗ್ಗಿಸಿದರು. ಇಂಥ ಕಡೆ ಯಾರೂ ಹೇಳದೆಯೇ ಧ್ವನಿ ತಗ್ಗುತ್ತದೆ.

ಸ್ವೆಟರ್ ತಟ್ಟೆ ಎಳೆದ. ಸಾಹೇಬರು ಕೆಂಪು ಮುಚ್ಚಳದಿಂದ ಗೇಣು ಹಾಕಿದರು.

ಕಲ್ಲಿರಲಿಲ್ಲ. ನಯವಾದ ಕೆಸರು.

ಕಲ್ಲಿತ್ತು, ಆ ಕಡೆ. ಬಿಳಿ ಮುಚ್ಚಳದಿಂದ ಒಂದು ಗೇಣು ದೂರದಲ್ಲಿ, ಕಪ್ಪಗೆ, ಅರ್ಧ ಕೆಸರಿನಲ್ಲಿ ಹುದುಗಿ ಇವರನ್ನೇ ದಿಟ್ಟಿಸುತ್ತಿತ್ತು.

"ಪರೀಕ್ಷಕರನ್ನ ಕರೀರಿ," ಎಂದರು ಸಾಹೇಬರು. "ಮೇಡಂಗೂ ಹೇಳಿ, ಅವರ ಸೀಳು ತರಲಿ."

* * *

ಮೇಡಂ ತಳ್ಳುಗಾಡಿಯ ಮೇಲೆ ತಟ್ಟೆ ತಂದು ಹೊಸ್ತಿಲ ಹೊರಗೇ ನಿಂತರು. ಒಳಗಿನಿಂದ ಸ್ವೆಟರ್ ಕಾಪಿಟ್ಟ ಸೀಳನ್ನು ಹೊಸ್ತಿಲ ಪಕ್ಕದ ಮೇಜಿಗೆ ತಂದಿಟ್ಟ. ನಡುವೆ ಒಂದು ಮೊಳ ಜಾಗ. ಆ ಜಾಗದಲ್ಲಿ ಪರೀಕ್ಷಕ ಕೈಕಟ್ಟಿ ನಿಂತ. ಎತ್ತರದ ಆಳು, ನಿದ್ದೆಗೆಟ್ಟ ಕಣ್ಣು.

"ನನ್ನ ಮೇಲೆ ಅನುಮಾನವೇ?" ಅವನು ಸಾಹೇಬರನ್ನು ಕೇಳಿದ. "ಕೇಳಿಬಿಡಿ. ಮೇಡಂ ಬಿದ್ದರೆ ವಿಭಾಗ ನನಗೆ ಬರುತ್ತೆ, ಅದಕ್ಕೇ ಮಾಡಿದೆ ಅಂತ ಕ್ಯಾಂಟೀನಿನಲ್ಲಿ ಎಲ್ಲರೂ ಆಡ್ಕೊಳ್ತಿದಾರೆ."

"ಮಾಡಿದಿರಾ?"

"ನಾನು ಕಂಡದ್ದನ್ನ ಹೇಳಿದೆ. ಹೊದಿಕೆ ಸರಿಸಿದೆ, ಕೆಂಪು ತುದಿಯಿಂದ ಅಳೆದೆ, ಚಮಚದಲ್ಲಿ ತೆಗೆದೆ. ಮುಚ್ಚಳ ಮುಟ್ಟಿಲ್ಲ. ದೋಣಿಗಳನ್ನ ಮೂರು ಸಲ ಎಣಿಸಿದೆ, ತಪ್ಪು ನನ್ನದೇ ಆಗಿರಲಿ ಅಂತ."

"ಮುಚ್ಚಿಡಬಹುದಿತ್ತಲ್ಲ. ಮನೆಯ ಮಾತು."

"ಮುಚ್ಚಿಟ್ಟಿದ್ದರೆ ಇವರೇ ನನ್ನನ್ನ ಹೊಸ್ತಿಲು ತುಳಿಸ್ತಿರಲಿಲ್ಲ," ಎಂದು ಮೇಡಂ ಕಡೆ ನೋಡಿದ. "ಕಲಿಸಿದ್ದು ಯಾರು?"

ಮೇಡಂ ಅವನ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರ ನೋಟ ಆ ಕಲ್ಲಿನ ಮೇಲಿತ್ತು.

"ಇದು ಬೇರೆ ಯಾವುದೋ ಕೊಳವೆಯ ಸೀಳು," ಎಂದರು ಸಾಹೇಬರು. "ನಿಮ್ಮ ಗುಳಿ ಕೆಂಪಿನ ಹತ್ತಿರ, ಇಲ್ಲಿ ಕಲ್ಲು ಬಿಳಿಯ ಹತ್ತಿರ. ಜೋಡಿಯೇ ಅಲ್ಲ. ಯಾರೋ ಬದಲಾಯಿಸಿದಾರೆ."

"ಇಲ್ಲ ಸಾಹೇಬ್ರೇ." ಮೇಡಂ ಧ್ವನಿ ಮೆತ್ತಗಿತ್ತು. "ಕಲ್ಲು ಅದೇ. ಸ್ವೆಟರ್, ಆ ಸೀಳನ್ನ ತುದಿಯಿಂದ ತುದಿಗೆ ತಿರುಗಿಸಪ್ಪ. ಮೆಲ್ಲಗೆ."

ಸ್ವೆಟರ್ ತಿರುಗಿಸಿದ. ಬಿಳಿ ಮುಚ್ಚಳ ಕೆಂಪಿನ ಕಡೆ ಬಂತು. ಕಲ್ಲು ಗುಳಿಗೆ ಎದುರಾಯಿತು. ಪದರಕ್ಕೆ ಪದರ ಕೂಡಿತು, ಪ್ರಾಸ ಕೂಡಿದ ಹಾಗೆ.

ಪರೀಕ್ಷಕ ಎರಡು ಸೀಳುಗಳ ಮೇಲೂ ಬಾಗಿದ.

"ಒಂದು ಸೀಳು ತಲೆಕೆಳಗು," ಎಂದ ಪರೀಕ್ಷಕ. ಮುಖದ ರಕ್ತ ಇಳಿದಿತ್ತು. "ಒಂದರ ಮುಚ್ಚಳಗಳು ಅದಲುಬದಲಾಗಿವೆ. ಆದರೆ ಯಾವುದು? ನನ್ನ ಕೈಯಲ್ಲಿದ್ದದ್ದೋ, ಮೇಡಂ ಕೈಯಲ್ಲಿರೋದೋ?"

ಆ ಪ್ರಶ್ನೆಯ ಭಾರ ಸಾಹೇಬರಿಗೆ ತಡವಾಗಿ ತಟ್ಟಿತು. ಮೇಡಂ ಸೀಳು ತಲೆಕೆಳಗಾಗಿದ್ದರೆ ಅವರು ಹೇಳಿದ ಕಥೆಯೂ ತಲೆಕೆಳಗು. ಮೊದಲು ಮಂಜುಗಡ್ಡೆ ಇತ್ತು, ಆಮೇಲೆ ಹೋಯಿತು ಎಂದದ್ದು ಹಿಂದುಮುಂದಾಗುತ್ತದೆ. ಕಾಲವೇ ಹಿಮ್ಮುಖವಾಗಿ ಹರಿದಂತೆ.

"ಅದನ್ನ ಹೇಳೋಕೆ ನಾನೂ ಬೇಡ, ನೀನೂ ಬೇಡ," ಎಂದರು ಮೇಡಂ. "ಕಲ್ಲನ್ನ ಕೇಳೋಣ."

"ಅತ್ತಿಗೆ, ಯೋಚನೆ ಮಾಡಿ." ಇಷ್ಟು ಹೊತ್ತು ಮೇಡಂ ಎನ್ನುತ್ತಿದ್ದವನ ಬಾಯಲ್ಲಿ ಮನೆಯ ಮಾತು ಬಂದುಬಿಟ್ಟಿತ್ತು. "ನಿಮ್ಮದೇ ತಪ್ಪಾಗಿದ್ರೆ? ಸಮಿತಿಗೆ ಇನ್ನೂ ಹೊತ್ತಿದೆ. ಸೀಳು ಅದಲುಬದಲಾಗಿದೆ, ಯಾವುದು ಗೊತ್ತಿಲ್ಲ ಅಂತ ಹೇಳಿದ್ರೆ ಸಂಶಯದ ಲಾಭ ನಿಮಗೇ ಸಿಗುತ್ತೆ."

"ಸಂಶಯದ ಲಾಭ ನನಗೆ ಸಿಕ್ಕರೆ ಕಡಲಿಗೇನು ಸಿಕ್ಕ ಹಾಗಾಯ್ತು?" ಅವರು ಜೇಬಿನಿಂದ ಭೂತಗನ್ನಡಿ ತೆಗೆದು ಸಾಹೇಬರಿಗೆ ಕೊಟ್ಟರು. "ನಾನು ದಾಟಲ್ಲ. ನೀವು ನೋಡಿ. ಕಲ್ಲು ಯಾವತ್ತೂ ಮೇಲಿಂದಲೇ ಬೀಳೋದು. ಮೆತ್ತನೆ ಹಾಸಿಗೆ ಮೇಲೆ ಗುಂಡು ಬಿದ್ದ ಹಾಗೆ ಕೆಳಗಿನ ಪದರ ತಗ್ಗುತ್ತೆ. ಆಮೇಲೆ ಬಿದ್ದ ಕೆಸರು ಕಂಬಳಿ ಹೊದಿಸಿದ ಹಾಗೆ ಮೇಲಿಂದ ಮುಚ್ಚುತ್ತೆ. ಪದರ ತಗ್ಗಿರೋ ಕಡೆ ಯಾವ ಮುಚ್ಚಳ ಇದೆ?"

ಸಾಹೇಬರು ಬಾಗಿದರು. ಗಾಜಿನ ಕೆಳಗೆ ಕೂದಲೆಳೆಯಂಥ ಪದರಗಳು ಸಾಗಿಬಂದು, ಕಲ್ಲಿನ ಒಂದು ಮಗ್ಗುಲಿಗೆ ತೊಟ್ಟಿಲಿನಂತೆ ಜೋತಿದ್ದವು. ಇನ್ನೊಂದು ಮಗ್ಗುಲಲ್ಲಿ ಕಲ್ಲಿನ ಬೆನ್ನನ್ನು ಮೆಲ್ಲಗೆ ಹೊದ್ದು ದಾಟಿದ್ದವು. ಎಷ್ಟೋ ಸಾವಿರ ವರ್ಷಗಳ ಹಿಂದೆ, ಕತ್ತಲ ನೀರಿನಲ್ಲಿ, ಒಂದು ಕಲ್ಲು ಬಿದ್ದಿತ್ತು. ಆ ಪೆಟ್ಟಿನ ಗುರುತು ಹಾಗೇ ಇತ್ತು. ಇಷ್ಟು ದಿನದ ವೃತ್ತಿಯಲ್ಲಿ ಇಂಥ ಸಾಕ್ಷಿಯನ್ನು ಅವರು ಕಂಡಿರಲಿಲ್ಲ.

"ತೊಟ್ಟಿಲು..." ಅವರು ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದರು. "ಇಲ್ಲಿ ತೊಟ್ಟಿಲು ಕೆಂಪು ಮುಚ್ಚಳದ ಕಡೆ ಇದೆ."

"ಕೆಂಪು ಮೇಲ್ತುದಿ ಆಗಿದ್ರೆ ಕಲ್ಲು ಕೆಳಗಿಂದ ಮೇಲಕ್ಕೆ ಬಿದ್ದ ಹಾಗಾಯ್ತು," ಎಂದ ಸ್ವೆಟರ್, ಉಸಿರು ಬಿಟ್ಟು. "ಮೇಡಂ, ನೀವು ಸರಿ! ತಲೆಕೆಳಗಾಗಿರೋದು ನಮ್ಮಲ್ಲಿರೋದು!"

ಪರೀಕ್ಷಕ ಗೋಡೆಗೆ ಒರಗಿದ. "ನಾನು ತಳ ತೆಗೆದು ತುದಿ ಅಂದ್ಕೊಂಡೆ. ಅತ್ತಿಗೆ, ನಾನು..."

"ನಿನ್ನ ಎಣಿಕೆ ಸರಿ ಇತ್ತು," ಎಂದರು ಮೇಡಂ. "ಕೆಳಗಡೆ ದೋಣಿ ತುಂಬಿವೆ ಅಂತ ನಾನೂ ಹೇಳಿದ್ದೀನಿ. ಹತ್ತಿರತ್ತಿರ ಅಷ್ಟೇ ಸಂಖ್ಯೆ. ಚೆನ್ನಾಗಿ ಎಣಿಸಿದ್ದೀಯ."

ಹೊಡೆದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನು ಮುಖ ತಿರುಗಿಸಿದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಚ್ಚಳಗಳು ತಾವಾಗಿ ಜಾಗ ಬದಲಿಸುವುದಿಲ್ಲ. ಸಾಹೇಬರು ಮುಚ್ಚಳಕ್ಕೆ ಸುತ್ತಿದ ಅಂಟುಪಟ್ಟಿಯನ್ನು ನೋಡಿದರು. ನಂತರ ಕಪಾಟಿನಲ್ಲಿದ್ದ ಉಳಿದ ತುಂಡುಗಳ ಮುಚ್ಚಳಗಳನ್ನು. ಎಲ್ಲದರ ಸುತ್ತೂ ಒಂದೇ ಕಡೆಗೆ, ಸ್ವೆಟರ್ ಸುತ್ತಿದ್ದು. ಈ ಒಂದರ ಸುತ್ತು ಮಾತ್ರ ಎದುರು ದಿಕ್ಕಿಗೆ ಹೋಗಿತ್ತು. ಪಟ್ಟಿಯ ಕೊನೆ ಬೇರೆ ಮಗ್ಗುಲಿಗೆ ಬಾಯಿ ಮಾಡಿತ್ತು.

ಬಾಯಿ ತೆರೆಯುವ ಮೊದಲು ಒಂದು ಕ್ಷಣ ತಡೆದರು. ಆ ಕ್ಷಣದಲ್ಲಿ ಮೇಡಂ ಮಾತಾಡಿದರು.

"ನೀವು ನೋಡಿದ್ದನ್ನ ನಾನೂ ನೋಡಿದೆ, ಸಾಹೇಬ್ರೇ. ಅದು ಎಡಗೈಯವರು ಸುತ್ತಿದ ಸುತ್ತು."

ಪರೀಕ್ಷಕನ ತಲೆ ಥಟ್ಟನೆ ಮೇಲೆದ್ದಿತು.

"ಈ ಕಟ್ಟಡದಲ್ಲಿ," ಎಂದರು ಮೇಡಂ ನಿಧಾನವಾಗಿ, "ಎಡಗೈಯವಳು ನಾನೊಬ್ಬಳೇ. ಸಮಿತಿಗೆ ಹಾಗೇ ಹೇಳಿ."

"ಮೇಡಂ!" ಸ್ವೆಟರ್ ಕೂಗಿದ. "ನೀವು ಹೊಸ್ತಿಲು ದಾಟಿಲ್ಲ, ನಾನು ಆಣೆ ಮಾಡ್ತೀನಿ!"

"ದಿನವಿಡೀ ನೀನು ಇಲ್ಲೇ ಕೂತಿರ್ತೀಯೇನಪ್ಪ? ಊಟಕ್ಕೆ ಹೋಗಲ್ವಾ?"

"ನಿಮ್ಮ ಸಾಕ್ಷಿನ ನೀವೇ ತಲೆಕೆಳಗು ಮಾಡ್ಕೊಂಡ್ರಿ ಅಂತ ಯಾರು ನಂಬ್ತಾರೆ?" ಎಂದರು ಸಾಹೇಬರು. "ಕಾಪಿಟ್ಟ ಸೀಳಿನ ಜೊತೆ ಚೇಷ್ಟೆ ಮಾಡಿದವರ ಗತಿ ಏನು ಅಂತ ನಿಮಗೆ ಗೊತ್ತಿದೆ."

"ಗೊತ್ತಿದೆ." ಅವರು ತಮ್ಮ ತಟ್ಟೆಗೆ ಹೊದಿಕೆ ಎಳೆದರು, ಮಗುವಿಗೆ ಹೊದಿಸಿದ ಹಾಗೆ. "ಕಲ್ಲು ತಾನು ಹೇಳಬೇಕಾದ್ದು ಹೇಳ್ತು. ಕಡಲಿನ ಮಾತು ಉಳೀತು. ಇನ್ನು ನನ್ನ ವಿಷಯ ಏನಾದರೂ ಆಗಲಿ."

ಸಾಹೇಬರು ಕಣ್ಣು ಮುಚ್ಚಿದರು. ಈಗ ಕಿವಿಗೆ ಕೆಲಸವಿತ್ತು. ಆ ಹೆಂಗಸು ಸುಳ್ಳು ಹೇಳಿರಲಿಲ್ಲ. ಕೊಳವೆ ಮುಟ್ಟಿದ್ದು ನಾನು ಎಂದಿರಲಿಲ್ಲ. *ಈ ಕಟ್ಟಡದಲ್ಲಿ* ಎಂದಿದ್ದಳು, ಒಂದಕ್ಷರ ನುಂಗದೆ, ಒಂದಕ್ಷರ ಸೇರಿಸದೆ. ಎದುರು ಕಟ್ಟಡದ ಮಾತೇ ಎತ್ತಿರಲಿಲ್ಲ.

ಕೈತಪ್ಪಿ ಆದದ್ದೋ? ಫೋಟೋಗೆಂದು ಮುಚ್ಚಳ ಬಿಚ್ಚಿ, ಮತ್ತೆ ಹಾಕುವಾಗ ಮರೆತದ್ದೋ? ಅಥವಾ ಗಂಡನಿಗೆ ವಿಭಾಗ ಸಿಗಲಿ ಎಂದು? ಎರಡಕ್ಕೂ ಶಿಕ್ಷೆ ಒಂದೇ. ಆದರೆ ಎರಡೂ ಒಂದೇ ಅಲ್ಲ.

ಕಣ್ಣು ತೆರೆದಾಗ ಪರೀಕ್ಷಕ ಅವರನ್ನೇ ನೋಡುತ್ತಿದ್ದ. ಕಂಡದ್ದನ್ನು ಹೇಳಿಯೇ ತೀರುವವನು. ಅವನು ಮೇಜಿನ ಬಳಿ ಹೋಗಿ ಆ ಅಂಟುಪಟ್ಟಿಯ ಸುತ್ತಿನ ಮೇಲೆ ಬೆರಳಾಡಿಸಿದ.

ಪಡಸಾಲೆಯ ಕೊನೆಯಲ್ಲಿ ಚಪ್ಪಲಿ ಸದ್ದಾಯಿತು.

"ಅಕ್ಕ! ಎಲ್ಲಿ ಹೋದೆ? ಚಹಾ ಹಾಗೇ ಆರಿಹೋಗಿದೆ, ಬಿಸಿ ಮಾಡಿ ತಂದೆ..."

ತಂಗಿ ತಿರುವಿನಲ್ಲಿ ಕಾಣಿಸಿಕೊಂಡಳು. ಮೇಜಿನ ಮೇಲೆ ತಿರುಗಿಸಿಟ್ಟ ಸೀಳನ್ನು ಕಂಡಳು. ಗುಳಿಗೆ ಎದುರಾಗಿ ನಿಂತ ಕಲ್ಲನ್ನು ಕಂಡಳು. ತನ್ನ ಎಡಗೈಯನ್ನೇ ನೋಡುತ್ತಿದ್ದ ಗಂಡನ ಮುಖವನ್ನು ಕಂಡಳು.

ಫ್ಲಾಸ್ಕು ಎಡಗೈಯಿಂದ ಬಲಗೈಗೆ ಹೋಯಿತು.